ಸೋರಿಯಾಸಿಸ್ ಮತ್ತು ‘ಸಿಡಿ6’: ರೋಗನಿರೋಧಕ ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದೇ?

ನಿಮ್ಮ ಮಸೀದಿಯ ಹೌಜ್ ಬಳಿ ಒಮ್ಮೆ ಗಮನಿಸಿ ನೋಡಿ. ಉಳಿದವರೆಲ್ಲ ವುಝೂ ಮುಗಿಸಿ ಎದ್ದು ಹೋಗುವವರೆಗೆ ಏನೋ ಕೆಲಸವಿದ್ದವರಂತೆ ಚಪ್ಪಲಿ ಸರಿಪಡಿಸುತ್ತಾ ನಿಂತು, ಆಮೇಲೆ ಅಂಗಿಯ ತೋಳು ಮೇಲಕ್ಕೆತ್ತುವವರು ಒಬ್ಬರಾದರೂ ಸಿಗುತ್ತಾರೆ. ಮೊಣಕೈ ಮೇಲೆ ಕೆಂಪು ಚಕ್ಕೆ, ಅದರ ಮೇಲೆ ಬೆಳ್ಳಿಯಂತೆ ಹೊಳೆಯುವ ಹುರುಪೆ. ಮದುವೆ ಮನೆಯಲ್ಲಿ ಎಲ್ಲರೂ ಮೆಹಂದಿಗೆ ಕೈಚಾಚಿ ಕುಳಿತಿದ್ದಾಗ ‘ನನಗೆ ಮೆಹಂದಿ ಆಗಿಬರಲ್ಲ’ ಎಂದು ಅಡುಗೆಮನೆ ಸೇರುವ ಹೆಣ್ಣುಮಗಳ ಕಿವಿಯ ಹಿಂದೆಯೂ ಅದೇ ಹುರುಪೆ ಇರಬಹುದು.

ಇದು ಸೋರಿಯಾಸಿಸ್. ನಮ್ಮ ಯೂನಾನಿ ಪಠ್ಯಗಳಲ್ಲಿ ಇದಕ್ಕೆ ‘ದಾಉಸ್ಸದಫ್’ ಎಂದು ಹೆಸರು. ಸದಫ್ ಎಂದರೆ ಮುತ್ತಿನ ಚಿಪ್ಪು. ಚಿಪ್ಪಿನ ಒಳಮೈಯಂತೆ ಹೊಳೆಯುತ್ತಾ ಪದರ ಪದರವಾಗಿ ಉದುರುವುದರಿಂದ ಆ ಹೆಸರು. ಭಾರತದಲ್ಲಿ ನಡೆದ ಬೇರೆ ಬೇರೆ ಸಮೀಕ್ಷೆಗಳ ಪ್ರಕಾರ ವಯಸ್ಕರಲ್ಲಿ ಶೇ. 0.44ರಿಂದ 2.8ರಷ್ಟು ಜನರಿಗೆ ಈ ರೋಗವಿದೆ. ಜುಮಾಕ್ಕೆ ಮುನ್ನೂರು ಜನ ಸೇರುವ ಮಸೀದಿಯಲ್ಲಿ ಒಬ್ಬರಿಂದ ಎಂಟು ಮಂದಿ ಎಂದು ಲೆಕ್ಕ ಹಾಕಿಕೊಳ್ಳಿ.

ಗೌನಿಪಲ್ಲಿ, ರಾಯಲ್ಪಾಡು ಸುತ್ತಮುತ್ತಲಿನಿಂದಲೂ ಗಡಿಯಾಚೆಯ ಆಂಧ್ರದ ಹಳ್ಳಿಗಳಿಂದಲೂ ಬರುವ ರೋಗಿಗಳು ಕನ್ನಡದಲ್ಲೋ ತೆಲುಗಿನಲ್ಲೋ ನಮ್ಮ ದಖ್ಖನಿಯಲ್ಲೋ ಕೇಳುವುದು ಮೂರೇ ಪ್ರಶ್ನೆ. ಇದು ಅಂಟುತ್ತದೆಯೇ? ರಕ್ತ ಕೆಟ್ಟಿದೆಯೇ? ಮೂರನೆಯದು ಪ್ರಶ್ನೆಯಲ್ಲ, ಬೇಡಿಕೆ: ‘ಹಕೀಮ್ ಸಾಬ್, ಶಕ್ತಿ ಕಮ್ಮಿಯಾಗಿ ಹೀಗಾಗಿದೆ, ಇಮ್ಯುನಿಟಿ ಹೆಚ್ಚಾಗೋಕೆ ಏನಾದರೂ ಕೊಡಿ.’ ಮೊದಲಿನ ಎರಡಕ್ಕೆ ‘ಇಲ್ಲ’ ಎಂದರೆ ಮುಗಿಯಿತು. ಮೂರನೆಯದಕ್ಕೆ ಉತ್ತರ ಹೇಳಬೇಕಾದರೆ ನಮ್ಮ ರಕ್ತದಲ್ಲಿ ಓಡಾಡುವ ಒಂದು ಬಿಳಿ ಕಣದ ಹೊರಮೈಯವರೆಗೆ ನಿಮ್ಮನ್ನು ಕರೆದುಕೊಂಡು ಹೋಗಬೇಕು. ಈ ಲೇಖನ ಬರೆದಿರುವುದೇ ಅದಕ್ಕಾಗಿ.

ಫ್ಯಾನಿಗೆ ಸ್ವಿಚ್ ಇದ್ದರೆ ಸಾಲದು

ರಕ್ತದ ಬಿಳಿ ಕಣಗಳಲ್ಲಿ ‘ಟಿ’ ಕೋಶ ಎಂಬ ಒಂದು ವರ್ಗವಿದೆ. ಮೂಳೆಯ ಮಜ್ಜೆಯಲ್ಲಿ ಹುಟ್ಟಿ, ಎದೆಮೂಳೆಯ ಹಿಂದಿರುವ ಥೈಮಸ್ ಎಂಬ ಗ್ರಂಥಿಯಲ್ಲಿ ತರಬೇತಿ ಪಡೆದು, ಜೀವಮಾನವಿಡೀ ಮೈಯಲ್ಲಿ ಗಸ್ತು ತಿರುಗುವ ಕಾವಲುಗಾರರು ಇವು. ವೈರಾಣು ಹೊಕ್ಕ ಕೋಶವನ್ನು ಗುರುತಿಸುವುದು, ಉಳಿದ ಕಣಗಳಿಗೆ ಸುದ್ದಿ ಮುಟ್ಟಿಸುವುದು, ಕೆಲಸ ಮುಗಿದ ಮೇಲೆ ತಣ್ಣಗಾಗುವುದು ಇವುಗಳ ಕರ್ತವ್ಯ. ಈ ಕೊನೆಯ ಕರ್ತವ್ಯದ ಬಗ್ಗೆ ನಮ್ಮಲ್ಲಿ ಮಾತೇ ಇಲ್ಲ. ಕಾವಲುಗಾರ ಎಚ್ಚರವಾಗಿರಬೇಕು ಎನ್ನುತ್ತೇವೆ. ಕಳ್ಳ ಹೋದ ಮೇಲೂ ದೊಣ್ಣೆ ಬೀಸುತ್ತಲೇ ಇದ್ದರೆ ಏಟು ಬೀಳುವುದು ಮನೆಯವರಿಗೇ.

ಟಿ ಕೋಶಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ಹೊರಗೆ ಏನಾಗುತ್ತಿದೆ ಎಂದು ಅದಕ್ಕೆ ತಿಳಿಯುವುದು ಅದರ ಹೊರಪೊರೆಯಿಂದ ಚಾಚಿಕೊಂಡಿರುವ ಪ್ರೋಟೀನುಗಳ ಮೂಲಕ. ಇವುಗಳನ್ನು ಗ್ರಾಹಕಗಳು ಅಥವಾ ರಿಸೆಪ್ಟರ್‌ಗಳು ಎನ್ನುತ್ತಾರೆ. ಒಂದು ಕೋಶದ ಮೇಲೆ ಇಂಥವು ನೂರಾರು ಬಗೆ. 1982ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ವಿಜ್ಞಾನಿಗಳು ಇವುಗಳಿಗೆ ‘ಸಿಡಿ’ ಎಂಬ ಅಕ್ಷರಗಳ ಮುಂದೆ ಒಂದೊಂದು ಸಂಖ್ಯೆ ಕೊಡುವ ಪದ್ಧತಿ ಶುರು ಮಾಡಿದರು. ಎಚ್‌ಐವಿ ಇದ್ದವರ ‘ಸಿಡಿ4 ಕೌಂಟ್’ ಎಂಬ ಮಾತನ್ನು ನೀವು ಕೇಳಿರುತ್ತೀರಿ. ಆ ಸಿಡಿ4 ಇಂಥದೇ ಒಂದು ಗ್ರಾಹಕ. ನಾನು ಹೇಳಹೊರಟಿರುವುದು ಅದರ ನೆರೆಮನೆಯ ಸಿಡಿ6ರ ಬಗ್ಗೆ.

ಸಿಡಿ6 ತಯಾರಿಸುವ ಸೂಚನೆ ನಮ್ಮ ಹನ್ನೊಂದನೇ ವರ್ಣತಂತುವಿನ ಮೇಲಿರುವ ಒಂದು ಜೀನಿನಲ್ಲಿದೆ. ಜೀನ್ ಎಂದರೆ ಅಡುಗೆಯ ಬರಹವಿದ್ದಂತೆ. ಅದನ್ನು ಓದಿ ಕೋಶವು 668 ಅಮೈನೋ ಆಮ್ಲಗಳನ್ನು ಸಾಲಾಗಿ ಪೋಣಿಸಿ ಈ ಪ್ರೋಟೀನನ್ನು ಕಟ್ಟುತ್ತದೆ. ಅದರ ಒಂದು ತುದಿ ಟಿ ಕೋಶದ ಒಳಗೆ, ಇನ್ನೊಂದು ತುದಿ ಹೊರಗೆ. ಹೊರಗಿನ ಭಾಗದಲ್ಲಿ ಮೂರು ಗೆಣ್ಣುಗಳಿವೆ, ನಮ್ಮ ಬೆರಳಿನ ಹಾಗೆ. ನಮ್ಮ ಚರ್ಮದ ಕೋಶಗಳ ಮೇಲೆ, ರಕ್ತನಾಳದ ಒಳಗೋಡೆಯ ಮೇಲೆ, ವೈರಾಣುವಿನ ಗುರುತನ್ನು ಟಿ ಕೋಶಕ್ಕೆ ತೋರಿಸಿಕೊಡುವ ಕೋಶಗಳ ಮೇಲೆ ‘ಆಲ್ಕ್ಯಾಮ್’ ಎಂಬ ಮತ್ತೊಂದು ಪ್ರೋಟೀನ್ ಇರುತ್ತದೆ. ಸಿಡಿ6 ಹೋಗಿ ಈ ಆಲ್ಕ್ಯಾಮ್‌ನ ಕೈ ಹಿಡಿಯುತ್ತದೆ. ಒಂದು ಬಗೆಯ ಮುಸಾಫಹ ಎನ್ನಿ. ಈ ಹಸ್ತಲಾಘವ ಗಟ್ಟಿಯಾದಾಗ ಟಿ ಕೋಶ ಅಲ್ಲೇ ನಿಲ್ಲುತ್ತದೆ, ಒಂದು ಎರಡಾಗಿ, ಎರಡು ನಾಲ್ಕಾಗಿ ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ, ಉರಿಯೂತದ ರಾಸಾಯನಿಕಗಳನ್ನು ಸುರಿಸುತ್ತದೆ.

ಹಾಗಾದರೆ ಸಿಡಿ6 ಟಿ ಕೋಶದ ಸ್ವಿಚ್ಚೇ? ಅಷ್ಟು ಸರಳವಲ್ಲ. ಸ್ವಿಚ್ ಬೇರೆಯೇ ಇದೆ. ಸಿಡಿ6 ಎಂಬುದು ಫ್ಯಾನಿನ ರೆಗ್ಯುಲೇಟರ್. 2017ರಲ್ಲಿ ಅಮೆರಿಕದ ಸಂಶೋಧಕರು ಈ ಜೀನನ್ನೇ ತೆಗೆದುಹಾಕಿದ ಇಲಿಗಳನ್ನು ಪರೀಕ್ಷಿಸಿದಾಗ ಒಂದು ವಿಚಿತ್ರ ಕಂಡಿತು. ಸಿಡಿ6 ಇಲ್ಲದ ಟಿ ಕೋಶಗಳು ಮೊದಲಿಗೆ ಇನ್ನೂ ಬೇಗ ಕೆರಳಿದವು, ಆದರೆ ಕೆರಳಿದ ಮೇಲೆ ಸಂಖ್ಯೆ ಬೆಳೆಸಿಕೊಂಡು ಉಳಿಯಲಾಗದೆ ಸೋತವು. ಅಂದರೆ ಆರಂಭದಲ್ಲಿ ವೇಗ ತಗ್ಗಿಸುವುದೂ ಅದೇ, ಓಟ ಶುರುವಾದ ಮೇಲೆ ಬೆನ್ನು ತಟ್ಟುವುದೂ ಅದೇ. ಎರಡೂ ಕಡೆ ತಿರುಗುವ ಗುಂಡಿ.

ಇನ್ನು 2018ರಲ್ಲಿ ಸ್ಪೇನಿನ ವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಸಿಡಿ6 ಜೀನ್ ಇಲ್ಲದ ಇಲಿಗಳಲ್ಲಿ ಸೋರಿಯಾಸಿಸ್‌ನಂಥ ಚರ್ಮದ ಉರಿಯೂತ ಕಡಿಮೆ ಮಟ್ಟದಲ್ಲಿ ಕಾಣಿಸಿಕೊಂಡಿತು. ಮನುಷ್ಯ ರೋಗಿಗಳಲ್ಲಿಯೂ ಆ ಜೀನಿನ ಬರಹದಲ್ಲಿ ಒಂದೊಂದು ಅಕ್ಷರದ ವ್ಯತ್ಯಾಸಕ್ಕೂ ರೋಗದ ತೀವ್ರತೆಗೂ ನಂಟು ಕಂಡಿತು. ಇದಕ್ಕೂ ಮೊದಲು, 2009ರಲ್ಲಿ, ಮಿದುಳು ಮತ್ತು ನರಗಳ ಮೇಲ್ಪೊರೆಯನ್ನು ತಿನ್ನುವ ಮಲ್ಟಿಪಲ್ ಸ್ಕ್ಲಿರೋಸಿಸ್ ಕಾಯಿಲೆಯಲ್ಲೂ ಇದೇ ಜೀನಿನ ಹೆಸರು ಬಂದಿತ್ತು. ಹಾಗೆಂದು ಸೋರಿಯಾಸಿಸ್‌ಗೆ ಸಿಡಿ6 ಒಂದೇ ಕಾರಣ ಎಂದು ತಿಳಿಯಬೇಡಿ. ಹತ್ತಾರು ಜೀನುಗಳು ಇದರಲ್ಲಿ ಪಾಲುದಾರರು. ಅವುಗಳಲ್ಲಿ ದೊಡ್ಡ ಪಾಲು ಎಚ್‌ಎಲ್‌ಎ-ಸಿ ಎಂಬ ಬೇರೆಯದೇ ಜೀನಿನದ್ದು.

ಚರ್ಮದಲ್ಲಿ ಆಗುವುದೇನು? ಆರೋಗ್ಯವಂತರ ಚರ್ಮದಲ್ಲಿ ತಳದ ಕೋಶ ಹುಟ್ಟಿ ಮೇಲೆ ಬಂದು ಉದುರಲು ಸುಮಾರು 28 ದಿನ ಬೇಕು. ಟಿ ಕೋಶಗಳು ಬೀಡುಬಿಟ್ಟ ಜಾಗದಲ್ಲಿ ಇದೇ ಪ್ರಯಾಣ ಮೂರರಿಂದ ಐದು ದಿನಕ್ಕೆ ಮುಗಿಯುತ್ತದೆ. ಬಲಿಯದ ಕೋಶಗಳು ಒಂದರ ಮೇಲೊಂದು ಪೇರಿ ಬೆಳ್ಳನೆಯ ಹುರುಪೆಯಾಗುತ್ತವೆ. ಕೆಳಗೆ ರಕ್ತನಾಳಗಳು ಹಿಗ್ಗಿ ಕೆಂಪಾಗುತ್ತದೆ. ಇದರಲ್ಲಿ ಬೂಷ್ಟಿಲ್ಲ, ಹುಳುವಿಲ್ಲ, ಕೀವಿನ ಕ್ರಿಮಿಯಿಲ್ಲ. ಉದುರಿದ ಹುರುಪೆ ನಿಮ್ಮ ಜಾನಮಾಝಿನ ಮೇಲೆ ಬಿದ್ದರೂ ನಿಮಗೆ ಏನೂ ಅಂಟುವುದಿಲ್ಲ. ಒಂದೇ ತಟ್ಟೆಯಲ್ಲಿ ಉಣ್ಣಬಹುದು, ಒಂದೇ ಸಫ್ಫಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಲ್ಲಬಹುದು, ಅದೇ ಹೌಜಿನ ನೀರಿನಲ್ಲಿ ವುಝೂ ಮಾಡಬಹುದು. ಯುರೋಪಿನಲ್ಲಿ ಶತಮಾನಗಳ ಕಾಲ ಇದನ್ನು ಕುಷ್ಠದ ಜೊತೆ ಸೇರಿಸಿ ರೋಗಿಗಳನ್ನು ಊರಾಚೆ ಇಟ್ಟರು. 1841ರಲ್ಲಿ ವಿಯೆನ್ನಾದ ಫರ್ಡಿನಾಂಡ್ ಹೆಬ್ರಾ ಎಂಬ ವೈದ್ಯರು ಇವೆರಡೂ ಬೇರೆ ಎಂದು ಸ್ಪಷ್ಟಪಡಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳು 2014ರಲ್ಲಿ ಸೋರಿಯಾಸಿಸ್ ಬಗ್ಗೆ ಪ್ರತ್ಯೇಕ ನಿರ್ಣಯವನ್ನೇ ಅಂಗೀಕರಿಸಿ, ಇದು ಅಂಟುರೋಗವಲ್ಲ ಎಂದು ಬರೆದವು. ನಮ್ಮ ಮೊಹಲ್ಲಾಗಳಿಗೆ ಆ ಸುದ್ದಿ ಇನ್ನೂ ಪೂರ್ತಿ ಬಂದು ತಲುಪಿಲ್ಲ.

ಬೆಂಗಳೂರಿನಲ್ಲಿ ತಯಾರಾದ ಔಷಧಿ

ಸಿಡಿ6ರ ಕಥೆಯಲ್ಲಿ ನಮ್ಮ ರಾಜ್ಯಕ್ಕೂ ಒಂದು ಅಧ್ಯಾಯವಿದೆ. ಕ್ಯೂಬಾ ದೇಶದ ಹವಾನಾದಲ್ಲಿರುವ ಮಾಲಿಕ್ಯುಲರ್ ಇಮ್ಯುನಾಲಜಿ ಕೇಂದ್ರದ ವಿಜ್ಞಾನಿಗಳು ಸಿಡಿ6ಕ್ಕೆ ಹೋಗಿ ಅಂಟಿಕೊಳ್ಳುವ ಒಂದು ಪ್ರತಿಕಾಯವನ್ನು ಇಲಿಯಿಂದ ಪಡೆದಿದ್ದರು. ಆಮೇಲೆ ಅದನ್ನು ಮನುಷ್ಯರ ದೇಹ ಒಪ್ಪುವಂತೆ ಮಾರ್ಪಡಿಸಿದರು. ಬೆಂಗಳೂರಿನ ಬಯೋಕಾನ್ ಕಂಪನಿ ಅವರೊಡನೆ ಸೇರಿ ಅದನ್ನು ಔಷಧಿಯಾಗಿ ಬೆಳೆಸಿತು. ಹೆಸರು ಇಟೋಲಿಜುಮ್ಯಾಬ್. 2013ರಲ್ಲಿ ‘ಆಲ್ಜುಮ್ಯಾಬ್’ ಎಂಬ ವ್ಯಾಪಾರನಾಮದಲ್ಲಿ ಮಧ್ಯಮದಿಂದ ತೀವ್ರ ಸೋರಿಯಾಸಿಸ್‌ಗೆಂದು ಭಾರತದ ಮಾರುಕಟ್ಟೆಗೆ ಬಂತು. ಸಿಡಿ6ರ ಮೇಲೆ ಕೆಲಸ ಮಾಡುವ ಔಷಧಿಯೊಂದು ಹೀಗೆ ಚಿಕಿತ್ಸೆಗೆ ಸಿಕ್ಕಿದ್ದು ಜಗತ್ತಿನಲ್ಲೇ ಮೊದಲು.

ಇದು ಟಿ ಕೋಶವನ್ನು ಕೊಲ್ಲುವುದಿಲ್ಲ. ಸಿಡಿ6ರ ಮೊದಲ ಗೆಣ್ಣಿಗೆ ಅಂಟಿಕೊಂಡು, ಆಲ್ಕ್ಯಾಮ್ ಜೊತೆಗಿನ ಹಸ್ತಲಾಘವ ಬಿಗಿಯಾಗದಂತೆ ನೋಡಿಕೊಳ್ಳುತ್ತದೆ. ರೆಗ್ಯುಲೇಟರನ್ನು ಐದರಿಂದ ಎರಡಕ್ಕೆ ಇಳಿಸಿದ ಹಾಗೆ.

ಫಲಿತಾಂಶ ಹೇಗಿತ್ತು? 225 ಮಂದಿಯ ಮೇಲೆ ನಡೆದ ಮೂರನೇ ಹಂತದ ಪರೀಕ್ಷೆಯಲ್ಲಿ 12 ವಾರಗಳಾದಾಗ, ಔಷಧಿ ಪಡೆದ ಎರಡು ಗುಂಪುಗಳಲ್ಲಿ ಕ್ರಮವಾಗಿ ಶೇ. 27 ಮತ್ತು ಶೇ. 36ರಷ್ಟು ಜನರಿಗೆ ರೋಗ ಮುಕ್ಕಾಲು ಪಾಲು ತಗ್ಗಿತ್ತು. ಬರೀ ಹುಸಿಮದ್ದು ಪಡೆದವರಲ್ಲಿ ಶೇ. 2ರಷ್ಟು ಮಾತ್ರ. ಅಂದರೆ ಔಷಧಿ ಕೆಲಸ ಮಾಡುತ್ತದೆ, ಆದರೆ ಮೂವರಲ್ಲಿ ಇಬ್ಬರಿಗೆ ಅಷ್ಟರಮಟ್ಟಿನ ಗುಣ ಹನ್ನೆರಡು ವಾರದಲ್ಲಿ ಕಾಣಲಿಲ್ಲ. ಆಮೇಲೆ ಬಂದ, ಐಎಲ್-17 ಎಂಬ ರಾಸಾಯನಿಕವನ್ನು ತಡೆಯುವ ಚುಚ್ಚುಮದ್ದುಗಳಲ್ಲಿ ಈ ಪ್ರಮಾಣ ಇನ್ನೂ ಬಹಳ ಹೆಚ್ಚು. ನಮ್ಮ ರಾಜ್ಯದ ಔಷಧಿ ಎಂದು ಹೆಮ್ಮೆಪಡುವುದು ಬೇರೆ, ರೋಗಿಗೆ ಯಾವುದು ಸರಿ ಎಂದು ತೀರ್ಮಾನಿಸುವುದು ಬೇರೆ. ಎರಡನೆಯದನ್ನು ಚರ್ಮರೋಗ ತಜ್ಞರಿಗೆ ಬಿಡಿ.

ಇದೇ ಔಷಧಿ 2020ರ ಜುಲೈಯಲ್ಲಿ ಮತ್ತೆ ಸುದ್ದಿಯಾಯಿತು. ಕೋವಿಡ್‌ನಲ್ಲಿ ಎಷ್ಟೋ ಜನ ಸತ್ತಿದ್ದು ವೈರಾಣುವಿನ ಏಟಿಗಿಂತ ಹೆಚ್ಚಾಗಿ ನಮ್ಮದೇ ರಕ್ಷಣಾ ಪಡೆ ಕೆರಳಿ ಶ್ವಾಸಕೋಶವನ್ನು ಸುಟ್ಟಿದ್ದರಿಂದ. ಅದನ್ನು ಸೈಟೋಕೈನ್ ಬಿರುಗಾಳಿ ಎಂದರು. ಆ ಬಿರುಗಾಳಿಯನ್ನು ತಗ್ಗಿಸಲೆಂದು ಇಟೋಲಿಜುಮ್ಯಾಬ್‌ಗೆ ಕೇಂದ್ರದ ಔಷಧ ನಿಯಂತ್ರಕರು ತುರ್ತು ಬಳಕೆಯ ಸೀಮಿತ ಅನುಮತಿ ಕೊಟ್ಟರು. ಆಧಾರವಾಗಿದ್ದುದು ಕೇವಲ 30 ರೋಗಿಗಳ ಪರೀಕ್ಷೆ. ಇಷ್ಟು ಸಣ್ಣ ಪರೀಕ್ಷೆಯಿಂದ ಏನೂ ಹೇಳಲಾಗದು ಎಂದು ಅನೇಕ ವೈದ್ಯರು ಆಕ್ಷೇಪಿಸಿದರು. ರಾಷ್ಟ್ರೀಯ ಚಿಕಿತ್ಸಾ ಮಾರ್ಗಸೂಚಿಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ನನ್ನ ಪ್ರಕಾರ ಆ ಆಕ್ಷೇಪ ನ್ಯಾಯವಾದದ್ದೇ. ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಿ. ಐಸಿಯುಗಳಲ್ಲಿ ವೈದ್ಯರು ಅತಿಯಾದ ರೋಗನಿರೋಧಕ ಪ್ರತಿಕ್ರಿಯೆಯನ್ನು ಇಳಿಸಲು ಒದ್ದಾಡುತ್ತಿದ್ದ ಅದೇ ತಿಂಗಳುಗಳಲ್ಲಿ ಊರೂರಿನ ಅಂಗಡಿಗಳಲ್ಲಿ ಅದನ್ನು ‘ಏರಿಸುವ’ ಪುಡಿಗಳು, ಷರಬತ್ತುಗಳು ಮಾರಾಟವಾದವು. ನಮ್ಮ ವೈದ್ಯಪದ್ಧತಿಯ ಹೆಸರಿನಲ್ಲೂ ಮಾರಾಟವಾದವು ಎಂದು ಹೇಳಲೇಬೇಕು.

ಯೂನಾನಿ ಓದಿದವರಿಗೆ ಇದು ಬೇಸರದ ಸಂಗತಿ. ಏಕೆಂದರೆ ನಮ್ಮ ಶಾಸ್ತ್ರದ ಅಡಿಗಲ್ಲೇ ‘ಏತಿದಾಲ್’, ಅಂದರೆ ಸಮತೋಲ. ದೇಹವನ್ನು ನಡೆಸುವ ಶಕ್ತಿಗೆ ನಾವು ‘ತಬೀಅತ್’ ಎನ್ನುತ್ತೇವೆ. ಹಕೀಮನ ಕೆಲಸ ತಬೀಅತ್‌ಗೆ ನೆರವಾಗುವುದು, ಅದನ್ನು ಕೆಣಕುವುದಲ್ಲ. ಮಿಝಾಜ್ ಯಾವ ಕಡೆಗೆ ವಾಲಿದರೂ ಅದು ರೋಗವೇ ಎಂದು ಇಬ್ನ್ ಸೀನಾರ ಕಾಲದಿಂದ ಕಲಿಸುತ್ತಾ ಬಂದಿದ್ದಾರೆ. ಹಳೆಯ ಹಕೀಮರಿಗೆ ಸಿಡಿ6 ಗೊತ್ತಿತ್ತು ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳುವವರನ್ನು ನಂಬಲೂ ಬೇಡಿ. ಆದರೆ ‘ಹೆಚ್ಚಾದಷ್ಟೂ ಒಳ್ಳೆಯದು’ ಎಂಬ ಮಾತು ಮಾತ್ರ ನಮ್ಮ ಪರಂಪರೆಯದಲ್ಲ.

ನಿಜವಾಗಿಯೂ ರೋಗನಿರೋಧಕ ವ್ಯವಸ್ಥೆಯನ್ನು ಎಬ್ಬಿಸುವ ಔಷಧಿಗಳು ಇವೆ. ಅವು ಸೋರಿಯಾಸಿಸ್‌ಗೆ ಏನು ಮಾಡುತ್ತವೆ ಎಂಬುದೂ ಗೊತ್ತಿದೆ. ಇಮಿಕ್ವಿಮಾಡ್ ಎಂಬ ಮುಲಾಮನ್ನು ಒಂದು ಬಗೆಯ ನರುಳ್ಳೆಗೆ ಹಚ್ಚುತ್ತಾರೆ, ಆ ಜಾಗದ ರಕ್ಷಣಾ ಕೋಶಗಳನ್ನು ಎಚ್ಚರಿಸಲು. ಅದು ಸೋರಿಯಾಸಿಸ್ ಕೆರಳಿಸುತ್ತದೆ. ಎಷ್ಟು ಖಚಿತವಾಗಿ ಎಂದರೆ, ಪ್ರಯೋಗಾಲಯದಲ್ಲಿ ಇಲಿಗಳಿಗೆ ಸೋರಿಯಾಸಿಸ್‌ನಂಥ ಉರಿಯೂತ ತರಿಸಲು ಹಚ್ಚುವುದೇ ಆ ಮುಲಾಮು. ಕಾಮಾಲೆಯ ವೈರಾಣುವಿಗೆ ಕೊಡುತ್ತಿದ್ದ ಇಂಟರ್‌ಫೆರಾನ್ ಚುಚ್ಚುಮದ್ದಿನಿಂದಲೂ ರೋಗ ಉಲ್ಬಣಿಸಿದ್ದುಂಟು. ಹಾಗಾದರೆ ಅಂಗಡಿಯ ‘ಬೂಸ್ಟರ್’ ಪುಡಿ? ಅದು ಹೇಳಿದ ಕೆಲಸ ಮಾಡದಿದ್ದರೆ ನಿಮ್ಮ ದುಡ್ಡು ದಂಡ. ಮಾಡಿದರೆ ನಿಮ್ಮ ಚರ್ಮಕ್ಕೆ ಆಪತ್ತು. ಸೋರಿಯಾಸಿಸ್ ಇದ್ದವರು ಎರಡನ್ನೂ ಕೊಳ್ಳಬೇಕಾಗಿಲ್ಲ.

ಗೀರು, ಸೊನೆ, ಹಿಜಾಮಾ

1870ರ ದಶಕದಲ್ಲಿ ಹೈನ್ರಿಶ್ ಕೋಬ್ನರ್ ಎಂಬ ಜರ್ಮನ್ ವೈದ್ಯರು ಒಂದು ಸಂಗತಿ ಗುರುತಿಸಿದರು. ಸೋರಿಯಾಸಿಸ್ ಇದ್ದವರ ಒಳ್ಳೆಯ ಚರ್ಮಕ್ಕೆ ಗೀರು ಬಿದ್ದರೆ ಕೆಲವು ದಿನಗಳಲ್ಲಿ ಅದೇ ಗೀರಿನ ಆಕಾರದಲ್ಲಿ ಹೊಸ ಸೋರಿಯಾಸಿಸ್ ಏಳುತ್ತದೆ. ಎಲ್ಲರಿಗೂ ಆಗುವುದಿಲ್ಲ, ಸುಮಾರು ನಾಲ್ವರಲ್ಲಿ ಒಬ್ಬರಿಗೆ ಆಗುತ್ತದೆ. ಕಾರಣ ಈಗ ನಿಮಗೆ ಊಹಿಸಲು ಕಷ್ಟವಲ್ಲ. ಗಾಯಗೊಂಡ ಚರ್ಮಕೋಶ ಕೂಗಿ ಕರೆಯುತ್ತದೆ, ಟಿ ಕೋಶಗಳು ಓಡಿ ಬರುತ್ತವೆ, ಕೈ ಹಿಡಿಯುತ್ತವೆ, ಬಿಡುವುದಿಲ್ಲ.

ನಮ್ಮ ಶ್ರೀನಿವಾಸಪುರದ ಕಡೆ ಇದಕ್ಕೆ ಒಂದು ಸ್ವಂತ ಕಾರಣವಿದೆ. ಮಾವಿನ ಕಾಯಿ ಕೀಳುವ ಕಾಲದಲ್ಲಿ ತೊಟ್ಟಿನ ಸೊನೆ ಸಿಡಿದು ಮುಂಗೈ, ಕುತ್ತಿಗೆ ಸುಡುತ್ತದೆ. ಬೇರೆಯವರಿಗೆ ಅದು ವಾರದ ಕಪ್ಪು ಕಲೆ. ಸೋರಿಯಾಸಿಸ್ ಇದ್ದ ಕೂಲಿಯವರಿಗೆ ಅದೇ ಜಾಗದಲ್ಲಿ ತಿಂಗಳಾನುಗಟ್ಟಲೆ ಉಳಿಯುವ ಚಕ್ಕೆಯಾಗಬಹುದು. ತುಂಬು ತೋಳಿನ ಹಳೆಯ ಅಂಗಿ ತೊಟ್ಟು ತೋಟಕ್ಕೆ ಹೋಗಿ, ಸೊನೆ ತಾಗಿದ ಕೂಡಲೇ ಸೋಪು ನೀರಿನಲ್ಲಿ ತೊಳೆಯಿರಿ, ಉಜ್ಜಬೇಡಿ. ಮೆಹಂದಿಯಲ್ಲಿ ಬರೀ ಎಲೆಯದ್ದು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ; ಬೇಗ ಕಪ್ಪಾಗಲೆಂದು ಕೂದಲ ಬಣ್ಣ ಬೆರೆಸಿದ ‘ಕಪ್ಪು ಮೆಹಂದಿ’ ಚರ್ಮವನ್ನು ಸುಡುತ್ತದೆ, ಅದು ಬೇಡ.

ಇನ್ನು ಹಿಜಾಮಾ. ಈ ವಿಷಯ ಬರೆಯುವಾಗ ಜಾಗ್ರತೆಯಿಂದ ಬರೆಯಬೇಕು ಎಂದು ನನಗೆ ಗೊತ್ತು. ಅದು ಸುನ್ನತ್ ಎಂಬ ಗೌರವ ನಮಗೆಲ್ಲ ಇದೆ, ನಾನು ಓದಿದ ಪದ್ಧತಿಯಲ್ಲೂ ಅದಕ್ಕೆ ಸ್ಥಾನವಿದೆ. ಆದರೆ ಬ್ಲೇಡಿನಿಂದ ಹತ್ತಾರು ಗೀರು ಎಳೆದು ರಕ್ತ ತೆಗೆಯುವ ಈ ಚಿಕಿತ್ಸೆ, ಸೋರಿಯಾಸಿಸ್ ಕೆರಳಿರುವ ರೋಗಿಯ ಬೆನ್ನಿನ ಮೇಲೆ ಕೋಬ್ನರ್ ಹೇಳಿದ್ದನ್ನೇ ಮಾಡಬಲ್ಲದು. ಕಪ್ಪಿನ ಬಾಯಿಯಷ್ಟು ಅಗಲದ ದುಂಡನೆಯ ಹೊಸ ಚಕ್ಕೆಗಳು, ಕಪ್ ಇಟ್ಟ ಜಾಗದಲ್ಲೇ, ಲೆಕ್ಕ ಹಾಕಿ ಇಟ್ಟಂತೆ ಎದ್ದಿದ್ದನ್ನು ನಾನು ಕಂಡಿದ್ದೇನೆ. ವಾರಾಂತ್ಯದ ಶಿಬಿರಗಳಲ್ಲಿ ಹತ್ತು ನಿಮಿಷಕ್ಕೊಬ್ಬರಂತೆ ಹಿಜಾಮಾ ಮಾಡುವವರು ‘ನಿಮಗೆ ಚರ್ಮದ ಕಾಯಿಲೆ ಇದೆಯೇ?’ ಎಂದು ಕೇಳಲಿಕ್ಕಿಲ್ಲ. ನೀವೇ ಹೇಳಬೇಕು. ಚಕ್ಕೆಯ ಮೇಲೆ ಎಂದಿಗೂ ಬೇಡ, ರೋಗ ಹರಡುತ್ತಿರುವಾಗ ಮೈಯ ಎಲ್ಲಿಯೂ ಬೇಡ. ‘ಕೆಟ್ಟ ರಕ್ತ ಹೊರಬಂದರೆ ಸೋರಿಯಾಸಿಸ್ ಹೋಗುತ್ತದೆ’ ಎಂಬ ಭರವಸೆಗೆ ಆಧಾರವಿಲ್ಲ. ರಕ್ತ ಕೆಟ್ಟಿಲ್ಲ, ಕಾವಲಿನ ಹಿಡಿತ ತಪ್ಪಿದೆ. ಎರಡು ಬಾಟಲಿ ರಕ್ತ ತೆಗೆದರೂ ಮಜ್ಜೆಯಿಂದ ಬರುವ ಹೊಸ ಟಿ ಕೋಶ ಅದೇ ಜೀನಿನ ಬರಹವನ್ನು ಹೊತ್ತು ಬರುತ್ತದೆ.

ಬಾಬ್ಚಿ (ಬಾವಂಚಿ) ಬೀಜದ ಎಣ್ಣೆಯ ಬಗ್ಗೆಯೂ ಒಂದು ಮಾತು. ತೊನ್ನಿಗೆ ನಮ್ಮಲ್ಲಿ ಇದನ್ನು ಬಳಸುತ್ತಾ ಬಂದಿದ್ದಾರೆ. ಇದರಲ್ಲಿರುವ ಸೋರಾಲೆನ್ ಎಂಬ ಅಂಶವನ್ನೇ ಅಳತೆಯಿಟ್ಟು ಕೊಟ್ಟು, ಅಳತೆಯಿಟ್ಟ ನೇರಳಾತೀತ ಬೆಳಕು ಹಾಯಿಸುವ ಚಿಕಿತ್ಸೆ 1974ರಿಂದ ಸೋರಿಯಾಸಿಸ್‌ಗೂ ಬಂತು. ಹದಿಮೂರನೇ ಶತಮಾನದ ಇಬ್ನುಲ್ ಬೈತಾರ್ ಆತ್ರಿಲಾಲ್ ಎಂಬ ಇಂಥದೇ ಗಿಡದ ಬೀಜ ಮತ್ತು ಬಿಸಿಲಿನ ಚಿಕಿತ್ಸೆಯನ್ನು ವಿವರಿಸಿದ್ದಾರೆ ಎಂಬುದು ನಮಗೆ ಅಭಿಮಾನದ ಸಂಗತಿಯೇ. ಆದರೆ ಮನೆಯಲ್ಲಿ ಎಣ್ಣೆ ಹಚ್ಚಿಕೊಂಡು ನಮ್ಮ ಕೋಲಾರದ ಏಪ್ರಿಲ್ ಬಿಸಿಲಿನಲ್ಲಿ ಕೂತರೆ ಬೊಬ್ಬೆ ಏಳುತ್ತದೆ, ಬೊಬ್ಬೆಯ ಜಾಗದಲ್ಲಿ ಮತ್ತೆ ಸೋರಿಯಾಸಿಸ್.

ವುಝೂವಿಗೆ ನೀರು ತಡೆಯುವುದಿಲ್ಲ, ತಡೆಯಬೇಕಾಗಿಯೂ ಇಲ್ಲ. ಹುರುಪೆಯನ್ನು ಉಗುರಿನಿಂದ ಕಿತ್ತು ‘ಶುದ್ಧ’ ಮಾಡುವುದನ್ನು ಬಿಡಿ. ಒರೆಸಿಕೊಂಡು ಚರ್ಮ ಇನ್ನೂ ತೇವವಿರುವಾಗಲೇ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ತೆಳ್ಳಗೆ ಸವರಿ. ಎಣ್ಣೆಯ ಮೇಲೆ ಮುಂದಿನ ವುಝೂ ಸರಿಯಾಗುತ್ತದೆಯೇ ಎಂಬ ಸಂಶಯವಿದ್ದರೆ ನಿಮ್ಮ ಆಲಿಮರನ್ನು ಕೇಳಿ, ಸಂಶಯಕ್ಕೆ ಹೆದರಿ ಎಣ್ಣೆ ಬಿಡಬೇಡಿ. ಹಜ್, ಉಮ್ರಾಕ್ಕೆ ಹೊರಟವರು ಇಹ್ರಾಮ್‌ಗೆಂದು ಪರಿಮಳವಿಲ್ಲದ ಮುಲಾಮು ಇಟ್ಟುಕೊಳ್ಳಿ. ನೆತ್ತಿಯ ತುಂಬಾ ಚಕ್ಕೆ ಇದ್ದರೆ ಬ್ಲೇಡಿನಿಂದ ತಲೆ ಬೋಳಿಸುವ ಬದಲು ಕೂದಲು ಕತ್ತರಿಸಿಕೊಳ್ಳುವ ಅವಕಾಶದ ಬಗ್ಗೆ ಮೊದಲೇ ವಿಚಾರಿಸಿಕೊಳ್ಳಿ.

ಪಥ್ಯದ ಬಗ್ಗೆ ಹೆಚ್ಚು ಹೇಳುವುದಕ್ಕೇನೂ ಇಲ್ಲ. ಬದನೆಕಾಯಿ ಬಿಟ್ಟು ವಾಸಿಯಾದವರನ್ನು ನಾನು ನೋಡಿಲ್ಲ. ತೂಕ ಇಳಿಸಿ, ಬೀಡಿ ಸಿಗರೇಟು ಬಿಡಿ. ಗಂಟಲು ನೋವು ಜ್ವರ ಬಂದ ಎರಡು ಮೂರು ವಾರಕ್ಕೆ ಮಕ್ಕಳ ಮೈತುಂಬಾ ಹನಿ ಹನಿಯಾಗಿ ಚಕ್ಕೆ ಎದ್ದರೆ ಗಂಟಲಿನ ಸೋಂಕಿಗೆ ಚಿಕಿತ್ಸೆ ಬೇಕು, ತೋರಿಸಿ. ಬೆಳಿಗ್ಗೆ ಎದ್ದಾಗ ಬೆರಳ ಗೆಣ್ಣು ಬಿಗಿದು ಊದಿಕೊಂಡಿದ್ದರೆ ಅದು ವಯಸ್ಸಿನ ಕೀಲುನೋವು ಎಂದು ತಳ್ಳಿಹಾಕಬೇಡಿ. ಸೋರಿಯಾಸಿಸ್ ಇದ್ದವರಲ್ಲಿ ಮೂರರಲ್ಲಿ ಒಂದು ಭಾಗದಷ್ಟು ಜನರಿಗೆ ಕೀಲುಗಳಿಗೂ ಅದು ಇಳಿಯಬಹುದು, ತಡವಾದರೆ ಬೆರಳು ಸೊಟ್ಟಗಾಗುತ್ತದೆ.

ಔಷಧಿ ನಿಲ್ಲಿಸುವ ಮುನ್ನ

ಹಿಡಿತ ತಪ್ಪಿದ ಕಾವಲನ್ನು ಇಳಿಸುವ ಔಷಧಿಗಳೆಲ್ಲ ಎರಡಲಗಿನ ಕತ್ತಿ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ ಸ್ಟೀರಾಯ್ಡ್ ಮುಲಾಮನ್ನು ವರ್ಷಗಟ್ಟಲೆ ಹಚ್ಚಿದರೆ ಚರ್ಮ ಕಾಗದದಂತೆ ತೆಳ್ಳಗಾಗುತ್ತದೆ. ಅದಕ್ಕಿಂತ ಭಯಂಕರವಾದದ್ದು ‘ಗಿಡಮೂಲಿಕೆಯ ಪುಡಿ’ ಎಂದು ಪೊಟ್ಟಣ ಕಟ್ಟಿ ಕೊಡುವ, ಸ್ಟೀರಾಯ್ಡ್ ಮಾತ್ರೆ ಅರೆದು ಬೆರೆಸಿದ ಔಷಧಿ. ಹತ್ತು ದಿನದಲ್ಲಿ ಮೈ ಕನ್ನಡಿಯಂತಾಗುತ್ತದೆ, ಮುಖ ಊದುತ್ತದೆ. ಪುಡಿ ನಿಲ್ಲಿಸಿದ ವಾರದಲ್ಲಿ ಮೈಯೆಲ್ಲ ಕೀವುಗುಳ್ಳೆ ಎದ್ದು, ಚಳಿಜ್ವರ ಬಂದು, ಆಸ್ಪತ್ರೆ ಸೇರಬೇಕಾದೀತು. ಯಾವ ಪದ್ಧತಿಯವರೇ ಆಗಲಿ, ಹೆಸರಿಲ್ಲದ, ಚೀಟಿಯಿಲ್ಲದ ಪುಡಿ ಕೊಟ್ಟರೆ ತಿನ್ನಬೇಡಿ. ಕೊಡುವವರು ಹಕೀಮರಾಗಿದ್ದರೂ ತಿನ್ನಬೇಡಿ.

ಮೆಥೋಟ್ರೆಕ್ಸೇಟ್ ಮಾತ್ರೆ ಅಗ್ಗ, ಹಳೆಯದು, ಪರಿಣಾಮಕಾರಿ. ಸೋರಿಯಾಸಿಸ್‌ಗೆ ಅದನ್ನು ತಿನ್ನುವುದು ವಾರಕ್ಕೊಂದು ದಿನ ಮಾತ್ರ. ಅಕ್ಷರ ಬಾರದ ಹಿರಿಯರು ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ಮಜ್ಜೆ ಬತ್ತಿ ಪ್ರಾಣಕ್ಕೇ ಕುತ್ತು. ಮನೆಯಲ್ಲಿ ಯಾರಾದರೂ ಇದನ್ನು ತಿನ್ನುತ್ತಿದ್ದರೆ ಇವತ್ತೇ ಪೊಟ್ಟಣದ ಮೇಲೆ ‘ಜುಮಾ ದಿನ ಮಾತ್ರ’ ಎಂದೋ, ವೈದ್ಯರು ಹೇಳಿದ ವಾರದ ಹೆಸರನ್ನೋ ದೊಡ್ಡದಾಗಿ ಬರೆದಿಡಿ. ಯಕೃತ್ತಿನ ಮತ್ತು ರಕ್ತದ ಪರೀಕ್ಷೆಯನ್ನು ತಪ್ಪಿಸಬೇಡಿ.

ಇಟೋಲಿಜ್ಯುಮ್ಯಾಬ್‌ನಂಥ ಜೈವಿಕ ಚುಚ್ಚುಮದ್ದುಗಳು ಬೆಲೆಯಲ್ಲಿ ಬಡವರ ಕೈಗೆ ಸುಲಭವಾಗಿ ಎಟುಕುವಂಥವಲ್ಲ. ಎಟುಕಿದವರು ಎರಡು ಮಾತು ನೆನಪಿಡಿ. ಶುರು ಮಾಡುವ ಮುನ್ನ ಕ್ಷಯ ಮತ್ತು ಹೆಪಟೈಟಿಸ್-ಬಿ ಪರೀಕ್ಷೆ ಆಗಲೇಬೇಕು, ಏಕೆಂದರೆ ಕಾವಲು ಸಡಿಲವಾದಾಗ ಮಲಗಿದ್ದ ಕ್ಷಯ ಏಳಬಹುದು. ಎರಡನೆಯದು, ಜೀವಂತ ವೈರಾಣು ಇರುವ ಲಸಿಕೆಗಳು ಆ ಸಮಯದಲ್ಲಿ ಬೇಡ. ಹಜ್ ಯಾತ್ರಿಕರ ಶಿಬಿರದಲ್ಲಿ ಮೆನಿಂಜೈಟಿಸ್ ಚುಚ್ಚುಮದ್ದಿನ ಜೊತೆ ಬಾಯಿಗೆ ಹಾಕುವ ಪೋಲಿಯೊ ಹನಿ ಜೀವಂತ ಲಸಿಕೆ. ಬಾಯಿ ತೆರೆಯುವ ಮುನ್ನ ‘ನಾನು ಇಂಥ ಔಷಧಿಯಲ್ಲಿದ್ದೇನೆ’ ಎಂದು ಅಲ್ಲಿನ ವೈದ್ಯರಿಗೆ ತಿಳಿಸಿ.

ಯೂನಾನಿಯಲ್ಲಿ ಶಾಹ್ತರಾ, ಉನ್ನಾಬ್, ಸರ್‌ಫೋಕಾ ಮುಂತಾದವುಗಳ ಕಷಾಯವನ್ನೂ ಮುಲಾಮುಗಳನ್ನೂ ಕೊಡುತ್ತೇವೆ. ಸಣ್ಣ ಪ್ರಮಾಣದ ರೋಗದಲ್ಲಿ ಶುಷ್ಕತೆ, ತುರಿಕೆಗೆ ನನ್ನ ಅನುಭವದಲ್ಲಿ ನೆರವಾಗಿವೆ. ಬೆಂಗಳೂರಿನ ಕೊಟ್ಟಿಗೆಪಾಳ್ಯದಲ್ಲಿರುವ ರಾಷ್ಟ್ರೀಯ ಯೂನಾನಿ ವೈದ್ಯಕೀಯ ಸಂಸ್ಥೆಯ ಹೊರರೋಗಿ ವಿಭಾಗದಲ್ಲಿ ತೋರಿಸಬಹುದು. ಆದರೆ ಮೈಯ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಹರಡಿದ್ದರೆ, ಕೀಲು ಹಿಡಿದಿದ್ದರೆ, ಕೋಲಾರದ ಟಮಕದಲ್ಲಿರುವ ದೇವರಾಜ ಅರಸು ವೈದ್ಯಕೀಯ ಕಾಲೇಜಿಗೋ ಬೆಂಗಳೂರಿನ ವಿಕ್ಟೋರಿಯಾ, ಬೌರಿಂಗ್ ಆಸ್ಪತ್ರೆಗೋ ಹೋಗಿ ಚರ್ಮರೋಗ ತಜ್ಞರನ್ನು ಕಾಣಿ. ಅವರು ಕೊಟ್ಟ ಮಾತ್ರೆಯನ್ನು ನಮ್ಮ ಕಷಾಯ ನಂಬಿ ನಿಲ್ಲಿಸಬೇಡಿ. ಎರಡನ್ನೂ ತೆಗೆದುಕೊಳ್ಳುತ್ತಿದ್ದರೆ ಇಬ್ಬರಿಗೂ ಹೇಳಿ. ಮೈಯೆಲ್ಲ ಕೆಂಪಾಗಿ ಚಳಿ ನಡುಕ ಶುರುವಾದರೆ ಮಾತ್ರ ಬೆಳಗಾಗಲಿ ಎಂದು ಕಾಯಬೇಡಿ, ರಾತ್ರಿಯೇ ಹೊರಡಿ.

ಮದುವೆ ಮಾತುಕತೆಯಲ್ಲಿ ಇದು ದೊಡ್ಡ ವಿಷಯವಾಗುತ್ತದೆ ಎಂದು ಗೊತ್ತು. ತಂದೆ ಅಥವಾ ತಾಯಿ ಒಬ್ಬರಿಗೆ ಸೋರಿಯಾಸಿಸ್ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಸುಮಾರು ಹತ್ತರಲ್ಲಿ ಒಂದು. ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಬರುವುದಿಲ್ಲ ಎಂದೂ ಅದರರ್ಥ. ಇಬ್ಬರಿಗೂ ಇದ್ದರೆ ಸಾಧ್ಯತೆ ಹೆಚ್ಚುಕಡಿಮೆ ಅರ್ಧದಷ್ಟು. ಮುಚ್ಚಿಟ್ಟು ಮಾಡಿದ ನಿಕಾಹ್ ಆಮೇಲೆ ಮುರಿದಿದ್ದನ್ನೂ ನೋಡಿದ್ದೇನೆ, ಮೊದಲೇ ಹೇಳಿ ಮಾಡಿದ್ದು ಸುಖವಾಗಿರುವುದನ್ನೂ ನೋಡಿದ್ದೇನೆ. ಹೇಳಲೇಬೇಕಾದ ವೈದ್ಯಕೀಯ ಕಾರಣವೂ ಒಂದಿದೆ. ಮೆಥೋಟ್ರೆಕ್ಸೇಟ್ ಗರ್ಭದ ಮಗುವಿಗೆ ಅಂಗವೈಕಲ್ಯ ತರುತ್ತದೆ. ಆ ಮಾತ್ರೆ ತಿನ್ನುತ್ತಿರುವ ಹೆಣ್ಣುಮಗಳು ಮದುವೆ ಗೊತ್ತಾದ ಕೂಡಲೇ ತನ್ನ ವೈದ್ಯರನ್ನು ಕಂಡು ಔಷಧಿ ಬದಲಿಸಿಕೊಳ್ಳಬೇಕು. ಮಾತ್ರೆ ನಿಂತು ವೈದ್ಯರು ಹೇಳಿದಷ್ಟು ತಿಂಗಳು ಕಳೆದ ಮೇಲೆಯೇ ಗರ್ಭಕ್ಕೆ ಪ್ರಯತ್ನಿಸಬೇಕು. ಗಂಡಿಗೂ ಈ ಮಾತ್ರೆ ನಡೆಯುತ್ತಿದ್ದರೆ ಅವನೂ ಅಷ್ಟೇ, ಮೊದಲು ವೈದ್ಯರನ್ನು ಕೇಳಬೇಕು.